ಮಾರೋಕೆ ಮುಂಚೆ ಗೋಡೆಯ ತೇವ ನಿಲ್ಲಿಸಿದ್ದು

ಮೈಸೂರಿನ ಹಳೆ ಮನೆ ನೋಡಲು ಬಂದವರೆಲ್ಲ ಹಾಲ್ ಗೋಡೆಯ ಉಬ್ಬಿದ ಬಣ್ಣ ತೋರಿಸಿ ರೇಟು ಇಳಿಸುತ್ತಿದ್ದರು. ‘ಪುಟ್ಟಿ ಹೊಡೆದು ಮುಚ್ಚಿಬಿಡೋಣ ಸಾರ್’ ಅಂದ ಪೇಂಟರ್. ಸುಮ್ನೆ ದುಡ್ಡು ದಂಡ. ತೇವ ಒಳಗಿದ್ದರೆ ಮತ್ತೆ ಉಬ್ಬುತ್ತೆ.

ಗೋಡೆಯ ಆಚೆ ಬಚ್ಚಲುಮನೆ. ರಾತ್ರಿ ನಲ್ಲಿಗಳನ್ನೆಲ್ಲ ಮುಚ್ಚಿಟ್ಟೆ. ಬೆಳಿಗ್ಗೆ ಟ್ಯಾಂಕಿನ ನೀರು ಇಳಿದಿರಲಿಲ್ಲ. ಅಂದರೆ ನಲ್ಲಿಗೆ ನೀರು ತರುವ ಪೈಪು ಸೋರುತ್ತಿಲ್ಲ. ಟೈಲ್ಸ್ ಸಂದು ನೋಡಿದರೆ ಅದಕ್ಕೆ ತುಂಬಿದ್ದ ಗ್ರೌಟ್ ಉದುರಿ ಕಡ್ಡಿ ತೂರುವಷ್ಟು ಬಿರುಕು! ಹಳೆಯದನ್ನು ಕೆರೆಸಿ ನೀರು ಹೀರದ ಎಪಾಕ್ಸಿ ಗ್ರೌಟ್ ತುಂಬಿಸಿದೆ. ಹಾಲ್ ಕಡೆ ಇಟ್ಟಿಗೆ ಕಾಣುವವರೆಗೂ ಗಾರೆ ಕೀಳಿಸಿ, ಪೂರ್ತಿ ಒಣಗಲು ಬಿಟ್ಟು, ಆಮೇಲೆ ಗಾರೆ, ಪ್ರೈಮರ್, ಬಣ್ಣ. ಒಣಗಿಸುವುದಕ್ಕೇ ಜಾಸ್ತಿ ದಿನ ಹಿಡಿಯಿತು.

ಅಡುಗೆಮನೆ ಮುಟ್ಟಲಿಲ್ಲ. ಕೊಳ್ಳುವವರು ತಮಗೆ ಬೇಕಾದ ಹಾಗೆ ಮಾಡಿಸಿಕೊಳ್ಳುತ್ತಾರೆ, ಅಲ್ವಾ? ಇ-ಖಾತೆ, ಅಂದರೆ ಮನೆಯ ಡಿಜಿಟಲ್ ಆಸ್ತಿ ದಾಖಲೆ, ಮಾತ್ರ ಮೊದಲೇ ಮಾಡಿಸಿಟ್ಟೆ.