ದಿನದ ದುಡಿಮೆಗೆ ದಿನದ ಲೆಕ್ಕವೇ ಸರಿ

ದಾವಣಗೆರೆಯನ್ನು ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಗಿರಣಿ ನಂಬಿಕೊಂಡಿದ್ದ ಕೇರಿಗಳಿಗೆ ಆಮೇಲೆ ಉಳಿದದ್ದು ಮಂಡಕ್ಕಿ ಭಟ್ಟಿ, ಹಮಾಲಿ, ತಳ್ಳುಗಾಡಿ. ಅಂಥ ಒಂದು ಕೇರಿಯಲ್ಲಿ ನಾನು ಮಹಿಳಾ ಸ್ವಸಹಾಯ ಸಂಘಗಳ ಜೊತೆ ಕೆಲಸ ಮಾಡುತ್ತೇನೆ.

ಇಲ್ಲಿ ನಿರುದ್ಯೋಗ ಅಂದರೆ ಜನ ಸುಮ್ನೆ ಕೂತಿದ್ದಾರೆ ಅಂತಲ್ಲ. ಗಾಡಿ ಇದೆ, ವ್ಯಾಪಾರ ಗೊತ್ತಿದೆ, ಬೆಳಿಗ್ಗೆ ಮಾಲು ತರಲು ದುಡ್ಡಿಲ್ಲ. ಸಾಲ ಕೊಡುವವನು ಬೆಳಿಗ್ಗೆ 900 ಕೊಟ್ಟು ಸಂಜೆ 1,000 ವಸೂಲಿ ಮಾಡುತ್ತಾನೆ. ಒಂದು ದಿನ ಮಳೆ ಹಿಡಿದರೆ ಸೊಪ್ಪು ಕೊಳೆಯುತ್ತದೆ, ಸಾಲ ಹಾಗೇ ಉಳಿಯುತ್ತದೆ. ಮರುದಿನ ಗಾಡಿ ಮನೆ ಮುಂದೆ ನಿಂತಿತು ಅಂದರೆ ಒಬ್ಬರ ಕೆಲಸ ಹೋಯಿತು ಅಂತಲೇ ಲೆಕ್ಕ.

2020ರಲ್ಲಿ ಬೀದಿ ವ್ಯಾಪಾರಿಗಳಿಗೆ ಸಾಲ ಕೊಡುವ ಕೇಂದ್ರದ ಪಿಎಂ ಸ್ವನಿಧಿ ಯೋಜನೆ ಬಂತು. ಅಡಮಾನವಿಲ್ಲದೆ ಮೊದಲು 10,000 ರೂಪಾಯಿ, ಅದು ತೀರಿದರೆ 20,000, ಆಮೇಲೆ 50,000. ಹೊತ್ತಿಗೆ ಸರಿಯಾಗಿ ಕಟ್ಟಿದರೆ ಶೇ 7ರಷ್ಟು ಬಡ್ಡಿ ಸಹಾಯಧನ. ಈಗ ಮೊದಲ ಸಾಲ 15,000, ಎರಡನೆಯದು 25,000 ಆಗಿದೆ. ಯೋಜನೆ ಒಳ್ಳೆಯದೇ, ಆದರೆ ಬಾಗಿಲಲ್ಲೇ ತಡೆ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಎಷ್ಟೋ ಜನರ ಹತ್ತಿರ ಇರಲಿಲ್ಲ. ಓಟಿಪಿ ಯಾವಾಗಲೋ ಬಿಟ್ಟ ಸಿಮ್ಮಿಗೆ ಹೋಗುತ್ತಿತ್ತು. ಹಾಗಾಗಿ ಸಾಲದ ಮಾತಿಗಿಂತ ಮೊದಲು ಓಣಿ ಓಣಿ ತಿರುಗಿ ನಂಬರ್ ಸರಿ ಮಾಡಿಸಿದೆವು. ಬೀದಿ ವ್ಯಾಪಾರಿಯ ಗುರುತಿನ ಚೀಟಿ ಇಲ್ಲದವರಿಗೆ ಪಾಲಿಕೆಯಿಂದ ಶಿಫಾರಸು ಪತ್ರ ಕೊಡಿಸಿದೆವು.

ನಿಜವಾದ ಕಷ್ಟ ಕಂತಿನದು. ಮೊದಲಿನ 10,000ದ ಸಾಲಕ್ಕೆ ತಿಂಗಳಿಗೆ ಸುಮಾರು 900 ರೂಪಾಯಿ ಕಟ್ಟಬೇಕಿತ್ತು. ಸೊಪ್ಪು ಮಾರುವ ಅಕ್ಕ ಒಬ್ಬರು ನೇರವಾಗಿ ಹೇಳಿದರು: "ತಂಗೀ, ದಿನಾ ಮೂವತ್ತು ಕೇಳು, ಕೊಡ್ತೀನಿ. ಒಂದೇ ಸಲ ಒಂಬೈನೂರು ಅಂದ್ರೆ ಎಲ್ಲಿಂದ ತರ್ಲಿ?"

ಇದಕ್ಕೆ ಉತ್ತರ ನಮ್ಮ ನಾಡಿನಲ್ಲೇ ಇತ್ತು. ಸಿಂಡಿಕೇಟ್ ಬ್ಯಾಂಕ್ 1928ರಲ್ಲೇ ಪಿಗ್ಮಿ ಅನ್ನುವ ದಿನದ ಉಳಿತಾಯ ಶುರು ಮಾಡಿತ್ತು, ಏಜೆಂಟರು ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ತೆಗೆದುಕೊಳ್ಳುತ್ತಿದ್ದರು. ನಾವೂ ಹಾಗೇ ಮಾಡಿದೆವು. ಸಂಘದ ಒಬ್ಬ ಸದಸ್ಯೆ ರಾತ್ರಿ ಗಾಡಿಗಳು ಎತ್ತುವ ಹೊತ್ತಿಗೆ ಸುತ್ತು ಹಾಕುತ್ತಾರೆ. ಪುಸ್ತಕ ಎರಡು. ಒಂದು ಅವರ ಕೈಯಲ್ಲಿ, ಇನ್ನೊಂದು ತಕ್ಕಡಿಯ ಕೆಳಗೆ ವ್ಯಾಪಾರಿಯ ಹತ್ತಿರ. ಕೊಟ್ಟವರ ಎದುರಿಗೇ ಎರಡರಲ್ಲೂ ಬರೆಯಬೇಕು. ಓದು ಬಾರದವರು ಗೀಟು ಎಣಿಸಿಕೊಳ್ಳುತ್ತಾರೆ, ಹತ್ತು ರೂಪಾಯಿಗೆ ಒಂದು ಗೀಟು. ವ್ಯಾಪಾರ ಆಗದ ದಿನಕ್ಕೆ ಸೊನ್ನೆ ಸುತ್ತಿ ಮುಂದೆ ಹೋಗುವುದು. ಯಾಕೆ ಕೊಡಲಿಲ್ಲ ಅಂತ ಗಾಡಿ ಮುಂದೆ ಗಿರಾಕಿಗಳೆದುರು ಕೇಳುವ ಹಾಗಿಲ್ಲ. ಈ ನಿಯಮದ ಬಗ್ಗೆ ನಾನು ಬಹಳ ಗಟ್ಟಿ. ಬಡ್ಡಿಯವನು ಮರ್ಯಾದೆ ತೆಗೆದೇ ವಸೂಲಿ ಮಾಡುತ್ತಾನೆ, ನಾವೂ ಅದನ್ನೇ ಮಾಡಿದರೆ ಸಂಘ ಯಾಕೆ ಬೇಕು, ಅಲ್ವಾ? ಸೊನ್ನೆ ಜಾಸ್ತಿ ಆದರೆ ವಾರದ ಸಭೆಯಲ್ಲಿ ಕೂತು ಮಾತಾಡುತ್ತೇವೆ. ಅಗತ್ಯ ಬಿದ್ದರೆ ಸಂಘದ ಉಳಿತಾಯದಿಂದ ಆ ತಿಂಗಳ ಕಂತು ತುಂಬುತ್ತೇವೆ.

ಸಾಲ ಸಿಕ್ಕರೂ ನಿಲ್ಲಲು ಜಾಗ ಇಲ್ಲದಿದ್ದರೆ ಏನೂ ಪ್ರಯೋಜನವಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಈ ಸಾಲುಗಳನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿಸುತ್ತೇನೆ. ಕಾಯ್ದೆಯ ಪ್ರತಿ ಕೈಯಲ್ಲಿ ಹಿಡಿದವರು ಪೊಲೀಸರ ಹತ್ತಿರ ಮಾತಾಡುವ ಧಾಟಿಯೇ ಬೇರೆ.

ಎರಡನೇ ಸಾಲ ಸಿಕ್ಕ ಮೇಲೆ ಮಂಡಕ್ಕಿ-ಮಿರ್ಚಿ ಗಾಡಿಯವರು ಕೇರಿಯ ಹುಡುಗರನ್ನು ಕೆಲಸಕ್ಕೆ ಇಟ್ಟುಕೊಳ್ಳತೊಡಗಿದರು. ಮೆಣಸಿನಕಾಯಿ ಸೀಳಬೇಕು, ಹಿಟ್ಟು ಕಲಸಬೇಕು, ಸಂಜೆ ರಶ್ ತಡೆಯಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. ಈಗ ನಮ್ಮ ತಲೆನೋವು ಮಕ್ಕಳದು. ಅಂಗನವಾಡಿ ಮುಚ್ಚಿದ ಮೇಲೆಯೇ ಗಾಡಿಗಳ ವ್ಯಾಪಾರ ಏರುವುದು. ಸಂಜೆ ಹೊತ್ತಿಗೆ ಮಕ್ಕಳನ್ನು ಬಿಡಲು ಒಂದು ಕೋಣೆ ಕೊಡಿ ಅಂತ ಅರ್ಜಿ ಹಾಕಿದ್ದೇವೆ. ನೋಡಿಕೊಳ್ಳಲು ಸಂಘದ ಇಬ್ಬರು ಆಗಲೇ ಒಪ್ಪಿದ್ದಾರೆ.