ಮೀನಿನ ತೊಟ್ಟಿಯ ಬಸವನಹುಳು: ಔಷಧಿ ಹಾಕದೆ ಹತೋಟಿಗೆ ತಂದ ಬಗೆ

ಶಿವಮೊಗ್ಗದ ನಮ್ಮ ಮನೆಯಲ್ಲಿರುವ ಗಾಜಿನ ತೊಟ್ಟಿ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ್ದು. ಜಲ್ಲಿ, ಕಲ್ಲು, ಗಿಡಗಳು ಹಿಡಿದ ಜಾಗವನ್ನು ಕಳೆದರೆ ಅದರಲ್ಲಿ 45 ಲೀಟರಿನಷ್ಟು ನೀರು ನಿಲ್ಲುತ್ತದೆ. ಗಪ್ಪಿ, ಜೀಬ್ರಾ ಡೇನಿಯೋ ಮತ್ತು ಒಂದಷ್ಟು ಚೆರ್ರಿ ಸೀಗಡಿಗಳನ್ನು ಸಾಕಿದ್ದೇನೆ. ಬಸವನಹುಳುಗಳು ಬಂದದ್ದು ವ್ಯಾಲಿಸ್ನೇರಿಯಾ ಮತ್ತು ಹೈಡ್ರಿಲ್ಲಾ ಗಿಡಗಳ ಕಟ್ಟಿನೊಂದಿಗೆ. ಕೆಲವೇ ವಾರಗಳಲ್ಲಿ ಗಾಜಿನ ಮೇಲೆ, ಎಲೆಗಳ ಮೇಲೆ, ಫಿಲ್ಟರಿನ ಸ್ಪಂಜಿನ ಮೇಲೆ ಎಲ್ಲಿ ನೋಡಿದರೂ ಅವೇ ಕಾಣತೊಡಗಿದವು.

ಹಿಡಿಯಲು ಹೊರಡುವ ಮೊದಲು ಬಂದಿರುವುದು ಯಾವ ಜಾತಿಯೆಂದು ನೋಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ಒಂದಕ್ಕೆ ನಡೆಯುವ ಉಪಾಯ ಇನ್ನೊಂದಕ್ಕೆ ನಡೆಯುವುದಿಲ್ಲ. ನನ್ನ ತೊಟ್ಟಿಯಲ್ಲಿ ಮೂರು ಬಗೆಯವು ಇದ್ದವು. ಚಕ್ಕುಲಿಯಂತೆ ಚಪ್ಪಟೆಯಾಗಿ ಸುತ್ತಿಕೊಂಡ ಚಿಪ್ಪಿನದು ರ‍್ಯಾಮ್ಸ್‌ಹಾರ್ನ್. ಕಂದು ಬಣ್ಣದ, ತೆಳುವಾದ, ಹೊಳೆಯುವ ಚಿಪ್ಪಿನ ಚಿಕ್ಕದು ಬ್ಲ್ಯಾಡರ್ ಬಸವನಹುಳು. ಇದರ ವೈಜ್ಞಾನಿಕ ಹೆಸರು ಫೈಸೆಲ್ಲಾ ಅಕ್ಯೂಟಾ. ಚಿಪ್ಪಿನ ತುದಿಯನ್ನು ಮೇಲೆ ಮಾಡಿ, ಬಾಯಿ ನಮ್ಮ ಕಡೆಗೆ ಬರುವಂತೆ ಹಿಡಿದಾಗ ಆ ಬಾಯಿ ಎಡಗಡೆಗಿದ್ದರೆ ಅದು ಇದೇ ಎಂದು ಬಹುಮಟ್ಟಿಗೆ ನಿಶ್ಚಯಿಸಬಹುದು, ಏಕೆಂದರೆ ಹೆಚ್ಚಿನ ಬಸವನಹುಳುಗಳ ಬಾಯಿ ಬಲಕ್ಕೆ ಇರುತ್ತದೆ. ಮೂರನೆಯದು ಉದ್ದನೆಯ ಮೊನಚು ಚಿಪ್ಪಿನ ಮಲೇಷಿಯನ್ ಟ್ರಂಪೆಟ್, ಅಂದರೆ ಮೆಲನಾಯ್ಡಿಸ್ ಟ್ಯೂಬರ್ಕ್ಯುಲೇಟಾ. ಮೊದಲಿನ ಎರಡು ಪಾರದರ್ಶಕವಾದ ಲೋಳೆಯಲ್ಲಿ ಮೊಟ್ಟೆಯಿಡುತ್ತವೆ. ರ‍್ಯಾಮ್ಸ್‌ಹಾರ್ನಿನ ಲೋಳೆ ಚಪ್ಪಟೆಯಾಗಿ ಅಂಟಿಕೊಂಡಿದ್ದರೆ ಬ್ಲ್ಯಾಡರಿನದು ಸ್ವಲ್ಪ ಉದ್ದಕ್ಕೆ, ಉಬ್ಬಿಕೊಂಡಿರುತ್ತದೆ. ಟಾರ್ಚ್ ಬೆಳಕನ್ನು ಎಲೆಯ ಹಿಂಬದಿಯಿಂದ ಬಿಟ್ಟರೆ ಲೋಳೆಯೊಳಗೆ ಸಾಸಿವೆಗಿಂತಲೂ ಸಣ್ಣ ಚುಕ್ಕೆಗಳು ಕಾಣಿಸುತ್ತವೆ. ಮರಿಯಾಗುವ ಕಾಲ ಹತ್ತಿರವಾದಾಗ ಆ ಚುಕ್ಕೆಗಳು ನಿಧಾನವಾಗಿ ತಿರುಗುವುದನ್ನೂ ಭೂತಗನ್ನಡಿಯಲ್ಲಿ ನೋಡಬಹುದು. ಟ್ರಂಪೆಟ್ ಮಾತ್ರ ಮೊಟ್ಟೆಯಿಡುವುದಿಲ್ಲ, ಮರಿ ಹಾಕುತ್ತದೆ. ಅದಕ್ಕೆ ಗಂಡಿನ ಅಗತ್ಯವೂ ಇಲ್ಲ. ಒಂದು ಉಳಿದರೂ ಸಂತಾನ ಮುಂದುವರಿಯುತ್ತದೆ.

ಹುಳುಗಳ ಸಂಖ್ಯೆಯನ್ನು ನಿರ್ಧರಿಸುವುದು ಆಹಾರ. ಮೀನುಗಳು ತಿನ್ನದೆ ಬಿಟ್ಟ ಕಾಳು, ಕೊಳೆತ ಎಲೆ, ಗಾಜಿನ ಮೇಲಿನ ಪಾಚಿ, ಇವು ಎಷ್ಟಿರುತ್ತವೆಯೋ ಅಷ್ಟಕ್ಕೆ ಸಾಕಾಗುವಷ್ಟು ಹುಳುಗಳು ಹುಟ್ಟಿಕೊಳ್ಳುತ್ತವೆ. ಹಾಗಾಗಿ ನಾನು ಮೊದಲು ಕೈಯಿಟ್ಟದ್ದು ಮೀನಿನ ಆಹಾರದ ಡಬ್ಬಿಗೆ. ಎರಡು ನಿಮಿಷದಲ್ಲಿ ಖಾಲಿಯಾಗುವಷ್ಟನ್ನೇ ದಿನಕ್ಕೊಮ್ಮೆ ಹಾಕುವುದು, ವಾರದಲ್ಲಿ ಒಂದು ದಿನ ಏನನ್ನೂ ಹಾಕದಿರುವುದು ಎಂಬ ಕ್ರಮವನ್ನು ಮಾಡಿಕೊಂಡೆ. ಆರೋಗ್ಯವಾಗಿರುವ ದೊಡ್ಡ ಮೀನುಗಳಿಗೆ ಒಂದು ದಿನದ ಉಪವಾಸ ಲೆಕ್ಕಕ್ಕೇ ಇಲ್ಲ. ಇದನ್ನು ಮನೆಯಲ್ಲಿ ಎಲ್ಲರಿಗೂ ಒಪ್ಪಿಸುವುದೇ ಹುಳು ಹಿಡಿಯುವುದಕ್ಕಿಂತ ಕಷ್ಟದ ಕೆಲಸ, ಏಕೆಂದರೆ ತೊಟ್ಟಿಯ ಮುಂದೆ ಯಾರು ನಿಂತರೂ ಗಪ್ಪಿಗಳು ಹಸಿದಂತೆಯೇ ಮೇಲೆ ಬರುತ್ತವೆ. ಕಡೆಗೆ ಡಬ್ಬಿಯನ್ನು ಅಟ್ಟದ ಮೇಲಿಟ್ಟೆ. ದೀಪ ಉರಿಯುವ ಅವಧಿಯನ್ನೂ ದಿನಕ್ಕೆ ಆರು ಗಂಟೆಗೆ ಇಳಿಸಿದೆ. ಅದರಿಂದ ಪಾಚಿ ಕಡಿಮೆಯಾಯಿತು.

ಹಿಡಿಯಲು ಸೌತೆಕಾಯಿಯಷ್ಟು ಅಗ್ಗದ ಸಾಧನ ಇನ್ನೊಂದಿಲ್ಲ. ಬೆರಳಿನ ದಪ್ಪಕ್ಕೆ ಕತ್ತರಿಸಿದ ಹೋಳನ್ನು ಸ್ಟೀಲ್ ಫೋರ್ಕಿಗೆ ಚುಚ್ಚಿ, ದೀಪ ಆರಿಸಿದ ಮೇಲೆ ತಳಕ್ಕೆ ಇಳಿಸಿ, ಬೆಳಗ್ಗೆ ದೀಪ ಹಾಕುವ ಮೊದಲೇ ಮೆಲ್ಲನೆ ಎತ್ತಬೇಕು; ತಡವಾದರೆ, ಅದರಲ್ಲೂ ಟ್ರಂಪೆಟ್‌ಗಳು, ಮತ್ತೆ ಜಲ್ಲಿಯೊಳಗೆ ಸೇರಿಕೊಳ್ಳುತ್ತವೆ. ಹೋಳಿನ ಅಂಚಿಗಿಂತ ಬೀಜವಿರುವ ನಡುಭಾಗಕ್ಕೆ ಅವು ಮುತ್ತುವುದು ಹೆಚ್ಚು, ಆದ್ದರಿಂದ ಎಳೆಕಾಯಿಗಿಂತ ಸ್ವಲ್ಪ ಬಲಿತದ್ದು ವಾಸಿ. ಕುದಿನೀರಿನಲ್ಲಿ ಒಂದು ನಿಮಿಷ ಅದ್ದಿದ ಪಾಲಕ್ ಎಲೆಯೂ ಆಗುತ್ತದೆ, ಆದರೆ ಅದು ಬೆಳಗಿನ ಹೊತ್ತಿಗೆ ಹರಿದು ನೀರಿನಲ್ಲಿ ಹರಡುವುದರಿಂದ ನಾನು ಅದನ್ನು ಬಿಟ್ಟೆ. ಇದರ ಜೊತೆಗೆ ಗಾಜಿನ ಮೇಲಿನ ಮೊಟ್ಟೆಯ ಲೋಳೆಯನ್ನು ಹಳೆಯ ಎಟಿಎಂ ಕಾರ್ಡಿನಿಂದ ಕೆರೆದು ತೆಗೆಯುತ್ತಿದ್ದೆ. ಬ್ಲ್ಯಾಡರ್ ಮತ್ತು ರ‍್ಯಾಮ್ಸ್‌ಹಾರ್ನ್‌ಗಳ ಮಟ್ಟಿಗೆ ಕಡಿಮೆ ಆಹಾರ, ರಾತ್ರಿಯ ಸೌತೆ, ಕೆರೆಯುವ ಕಾರ್ಡು, ಈ ಮೂರೇ ಸಾಕಾದವು. ಆದರೆ ಒಂದೆರಡು ದಿನದಲ್ಲಿ ಅಲ್ಲ, ಮೊಟ್ಟೆಗಳು ಒಡೆಯುತ್ತಲೇ ಇರುವುದರಿಂದ ತಿಂಗಳುಗಟ್ಟಲೆ ಬಿಡದೆ ಮಾಡಬೇಕಾಯಿತು.

ಟ್ರಂಪೆಟ್‌ನ ವಿಷಯ ಬೇರೆ. ಅದು ಹಗಲೆಲ್ಲ ಜಲ್ಲಿಯೊಳಗೆ ಹುದುಗಿದ್ದು ರಾತ್ರಿ ಹೊರಬರುತ್ತದೆ, ಅಪಾಯ ಬಂದರೆ ಚಿಪ್ಪಿನ ಬಾಯಿಗೆ ಮುಚ್ಚಳ ಎಳೆದುಕೊಳ್ಳುತ್ತದೆ. ಜಲ್ಲಿಯನ್ನು ಪೂರ್ತಿ ಹೊರತೆಗೆದು ಬಿಸಿನೀರಿನಲ್ಲಿ ತೊಳೆದರೆ ಅದು ಹೋದೀತು, ಆದರೆ ಮೀನಿನ ಹೊಲಸಿನಿಂದ ಬರುವ ವಿಷಕಾರಿ ಅಮೋನಿಯಾವನ್ನು ನೈಟ್ರೈಟಾಗಿ, ನೈಟ್ರೈಟನ್ನು ನೈಟ್ರೇಟಾಗಿ ಬದಲಿಸುವ ಬ್ಯಾಕ್ಟೀರಿಯಾಗಳೂ ಅದರೊಂದಿಗೆ ಹೋಗುತ್ತವೆ. ಅಷ್ಟು ದೊಡ್ಡ ಬೆಲೆ ತೆರಲು ನಾನು ಸಿದ್ಧನಿರಲಿಲ್ಲ. ವಾರವಾರ ನೀರು ಬದಲಿಸುವಾಗ ಸೈಫನ್ ಕೊಳವೆಯನ್ನು ಜಲ್ಲಿಯೊಳಕ್ಕೆ ಇಳಿಸಿ, ತೊಟ್ಟಿಯ ಮೂರನೇ ಒಂದು ಭಾಗದ ತಳವನ್ನು ಮಾತ್ರ ಸರದಿಯ ಮೇಲೆ ಶುಚಿಮಾಡುತ್ತ ಬಂದೆ. ಕೊಳೆಯ ಜೊತೆ ಮರಿಗಳೂ ಬಕೆಟ್ಟಿಗೆ ಬೀಳುತ್ತಿದ್ದವು. ಇವತ್ತಿಗೂ ಕೆಲವು ಟ್ರಂಪೆಟ್‌ಗಳು ಉಳಿದಿವೆ, ನಾನೂ ಅವನ್ನು ಉಳಿಯಗೊಟ್ಟಿದ್ದೇನೆ. ತಳದ ಜಲ್ಲಿಯನ್ನು ಅವು ಸಡಿಲವಾಗಿಡುತ್ತವೆ. ಹಾಡುಹಗಲೇ ಗುಂಪಾಗಿ ಗಾಜು ಹತ್ತಿ ನೀರಿನ ಮೇಲ್ಮೈಗೆ ಬಂದರೆ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿರಬಹುದು ಅಥವಾ ನೀರು ಕೆಟ್ಟಿರಬಹುದು ಎಂದು ತಿಳಿದು ಪರೀಕ್ಷಿಸಿಕೊಳ್ಳಲೂ ಅನುಕೂಲ.

ಹುಳು ಕೊಲ್ಲುವ ದ್ರಾವಣಗಳ ಬಗ್ಗೆ ಕೇಳುವವರು ಬಹಳ. ಅವುಗಳಲ್ಲಿ ಹಲವದರ ಮೂಲವಸ್ತು ತಾಮ್ರ, ಅಂದರೆ ನಮ್ಮ ಕಡೆಯ ಅಡಿಕೆ ಬೆಳೆಗಾರರು ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಸುಣ್ಣದ ಜೊತೆ ಸೇರಿಸುವ ಮೈಲುತುತ್ತದಲ್ಲಿರುವ ಅದೇ ತಾಮ್ರ. ಬಸವನಹುಳುವನ್ನು ಕೊಲ್ಲುವ ಪ್ರಮಾಣದ ತಾಮ್ರ ಸೀಗಡಿಯನ್ನು ಉಳಿಸುವುದಿಲ್ಲ. ಅದರ ಮೇಲೆ ಮಲೆನಾಡಿನ ಬಾವಿಗಳ ನೀರು ಸಾಮಾನ್ಯವಾಗಿ ಮೆದು, ಮೆದು ನೀರಿನಲ್ಲಿ ತಾಮ್ರದ ವಿಷ ಮೀನಿಗೂ ಹೆಚ್ಚು ತಟ್ಟುತ್ತದೆ. ಇದೆಲ್ಲ ದಾಟಿದರೂ ಜಲ್ಲಿಯೊಳಗೆ ಒಟ್ಟಿಗೇ ಸತ್ತ ನೂರಾರು ಹುಳುಗಳು ಕೊಳೆತು ಅಮೋನಿಯಾ ಏರುವುದನ್ನು ತಡೆಯುವುದು ಹೇಗೆ? ಹೀಗಾಗಿ ನಾನು ಆ ದಾರಿ ಹಿಡಿಯಲಿಲ್ಲ. ಮೆದು ನೀರಿಗೆ ಇನ್ನೊಂದು ಮುಖವೂ ಇದೆ: ಚಿಪ್ಪು ಕಟ್ಟಲು ಕ್ಯಾಲ್ಸಿಯಂ ಬೇಕು, ಅದಿಲ್ಲದ ನೀರಿನಲ್ಲಿ ಟ್ರಂಪೆಟ್‌ನ ಚಿಪ್ಪಿನ ತುದಿ ಸವೆದು ಬೆಳ್ಳಗಾಗಿರುವುದನ್ನು ನನ್ನ ತೊಟ್ಟಿಯಲ್ಲೇ ನೋಡುತ್ತೇನೆ.

ಹುಳು ತಿನ್ನುವ ಮೀನು ಬಿಡಿ ಎಂಬ ಸಲಹೆಯೂ ಬಂತು. ಪಟ್ಟೆಗಳ ಜೀಬ್ರಾ ಲೋಚ್, ಅಂದರೆ ಬೋಟಿಯಾ ಸ್ಟ್ರಯೇಟಾ, ಬಸವನಹುಳುಗಳನ್ನು ಚಿಪ್ಪಿನಿಂದ ಹೀರಿ ತಿನ್ನುವುದು ನಿಜ. ಆದರೆ ಅದು ಪಶ್ಚಿಮಘಟ್ಟದಲ್ಲಿ ಮಾತ್ರ ಇರುವ ಮೀನು, 1920ರಲ್ಲಿ ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣರಾಯರು ಅದನ್ನು ವಿಜ್ಞಾನಕ್ಕೆ ಪರಿಚಯಿಸಿದ್ದು ನಮ್ಮದೇ ತುಂಗಾ ನದಿಯಲ್ಲಿ ಸಿಕ್ಕ ಮಾದರಿಯಿಂದ. ಈಗ ಅದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಪಟ್ಟಿಯಲ್ಲಿ ಅಪಾಯದಂಚಿನಲ್ಲಿರುವ ಜಾತಿ. ಗುಂಪಿನಲ್ಲಿ ಬದುಕುವ ಅದಕ್ಕೆ ಎರಡಡಿಯ ತೊಟ್ಟಿ ಸಾಲುವುದೂ ಇಲ್ಲ. ಒಂದಿಂಚಿನ ಕುಬ್ಜ ಪಫರ್ ತೊಟ್ಟಿಗೇನೋ ಹಿಡಿಸುತ್ತದೆ, ಆದರೆ ಗಪ್ಪಿಯ ಬಾಲವನ್ನು ಅದು ಬಿಡುವುದಿಲ್ಲ. ಹುಳುವಿಗೆಂದು ಮೀನು ತಂದರೆ ಹುಳು ಮುಗಿದ ಮೇಲೂ ಆ ಮೀನನ್ನು ವರ್ಷಗಟ್ಟಲೆ ಸಾಕಬೇಕು ಎಂಬುದನ್ನು ಸಲಹೆ ಕೊಡುವವರು ಹೇಳುವುದು ಕಡಿಮೆ.

ಈಗ ಹೊಸ ಗಿಡ ಯಾವುದು ಬಂದರೂ ನೇರವಾಗಿ ತೊಟ್ಟಿಗೆ ಇಳಿಯುವುದಿಲ್ಲ. ಗ್ರಂಥಿಗೆ ಅಂಗಡಿಯ ಪಟಿಕವನ್ನು ಲೀಟರಿಗೆ ಸುಮಾರು 10 ಗ್ರಾಮಿನಂತೆ ಕರಗಿಸಿ, ಗಿಡವನ್ನು ಅದರಲ್ಲಿ ಒಂದು ದಿನ ಮುಳುಗಿಸಿಟ್ಟು, ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯುತ್ತೇನೆ. ಮೊಟ್ಟೆಗಳೆಲ್ಲ ಇದಕ್ಕೆ ಸಾಯುತ್ತವೆಂಬ ಭರವಸೆಯಿಲ್ಲದ ಕಾರಣ ಮತ್ತೆ ಮೂರು ವಾರ ಕಿಟಕಿಯ ಬಳಿ ಬಕೆಟ್ಟಿನಲ್ಲಿಡುತ್ತೇನೆ. ನಮ್ಮ ಹವೆಯಲ್ಲಿ ಮೊಟ್ಟೆ ಒಡೆಯಲು ಎರಡು ವಾರ ಸಾಕು, ಹುಟ್ಟಿದ ಮರಿಗಳು ಬಕೆಟ್ಟಿನ ಗೋಡೆಯಲ್ಲೇ ಸಿಕ್ಕಿಬೀಳುತ್ತವೆ. ಪಟಿಕಕ್ಕೆ ತೆಳುವಾದ ಎಲೆಯ ಹೈಡ್ರಿಲ್ಲಾ ಸ್ವಲ್ಪ ಬಾಡುತ್ತದೆ, ಜಾವಾ ಫರ್ನ್‌ಗೆ ಏನೂ ಆಗುವುದಿಲ್ಲ.

ಹಿಡಿದ ಹುಳುಗಳನ್ನು ಕೆರೆಗಾಗಲಿ ಚರಂಡಿಗಾಗಲಿ ಚೆಲ್ಲಬಾರದು. ಬ್ಲ್ಯಾಡರ್ ಉತ್ತರ ಅಮೆರಿಕದಿಂದ ಜಗತ್ತಿನ ಎಲ್ಲೆಡೆ ಹಬ್ಬಿದ ಜಾತಿ. ನಮ್ಮ ನೆಲದ ರ‍್ಯಾಮ್ಸ್‌ಹಾರ್ನ್ ಆದ ಇಂಡೋಪ್ಲಾನೋರ್ಬಿಸ್ ದನಕರುಗಳ ರಕ್ತದಲ್ಲಿ ಬೆಳೆಯುವ ಪರೋಪಜೀವಿ ಹುಳುವಿಗೆ ಆಸರೆಯಾಗುವಂಥದ್ದು. ನಾನು ಅವನ್ನು ಮುಚ್ಚಳವಿರುವ ಡಬ್ಬಿಗೆ ಹಾಕಿ ಎರಡು ದಿನ ಫ್ರೀಜರಿನಲ್ಲಿಟ್ಟು, ಆಮೇಲೆ ಹೂಕುಂಡಗಳ ಮಣ್ಣಿನಲ್ಲಿ ಹೂಳುತ್ತೇನೆ.