ಮೈಸೂರಿಗೆ ಯಾವ ತಿಂಗಳು ಬಂದರೆ ಬ್ಯಾಗಿನಲ್ಲಿ ಏನಿರಬೇಕು

ಮೈಸೂರಿಗೆ ಬರುವ ನೆಂಟರು, ಸ್ನೇಹಿತರು ಹೊರಡುವ ಮುಂಚೆ ಫೋನ್ ಮಾಡಿ ಕೇಳುವುದು ಒಂದೇ ಪ್ರಶ್ನೆ: ‘ಅಲ್ಲಿ ಈಗ ಮಳೆ ಇದೆಯಾ?’ ಇದಕ್ಕೆ ಹೌದು ಅಥವಾ ಇಲ್ಲ ಅಂದರೆ ಸಾಲದು. ಯಾವ ಥರದ ಮಳೆ, ಎಷ್ಟು ಗಂಟೆಗೆ ಬರುತ್ತೆ ಅನ್ನೋದು ಗೊತ್ತಾದರೆ ಅರ್ಧ ಪ್ಲಾನ್ ಮುಗಿದ ಹಾಗೆ.

ಮೊದಲು ಒಂದು ಲೆಕ್ಕ ಸರಿ ಮಾಡಿಕೊಳ್ಳೋಣ. ಜೂನ್-ಜುಲೈ ಮಳೆಗಾಲ, ಆಗ ಊರು ಸುತ್ತೋಕೆ ಆಗಲ್ಲ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಮಂಗಳೂರಿಗೆ, ಮಡಿಕೇರಿಗೆ ಅದು ಸರಿ. ಆದರೆ ಮೈಸೂರು, ಮಂಡ್ಯ ಎರಡೂ ಇರುವುದು ಘಟ್ಟದ ಈಚೆ. ಅರಬ್ಬಿ ಸಮುದ್ರದ ಕಡೆಯಿಂದ ಬರುವ ಮುಂಗಾರು ಮೋಡ ಘಟ್ಟ ಹತ್ತುವಾಗಲೇ ಬಹುಪಾಲು ಸುರಿದುಬಿಡುತ್ತದೆ, ಇಲ್ಲಿಗೆ ಬರುವಷ್ಟರಲ್ಲಿ ಉಳಿಯುವುದು ಗಾಳಿ ಮತ್ತು ತುಂತುರು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆ, ಅಲ್ಲಿಂದ ಸುಮಾರು 120 ಕಿಲೋಮೀಟರ್ ದೂರದ ಮೈಸೂರಿನಲ್ಲಿ 800ರ ಆಸುಪಾಸು ಅಷ್ಟೇ. ಅದರಲ್ಲೂ ಜಾಸ್ತಿ ಬೀಳುವುದು ಮೇ ಮತ್ತು ಅಕ್ಟೋಬರ್‌ನಲ್ಲಿ. ಈ ತಿಂಗಳುಗಳಲ್ಲಿ ಜುಲೈನ ಹೆಚ್ಚುಕಡಿಮೆ ಎರಡರಷ್ಟು ಮಳೆ ಆಗುತ್ತದೆ. ಒಂದು ಬೇಸಿಗೆ ರಜೆ, ಇನ್ನೊಂದು ದಸರಾ. ಅಂದರೆ ಜನ ಮೈಸೂರಿಗೆ ಮುಗಿಬೀಳುವ ಹೊತ್ತಲ್ಲೇ ನಮ್ಮೂರಿನ ದೊಡ್ಡ ಮಳೆ!

ತಾರೀಖು ಗೊತ್ತು ಮಾಡುವಾಗ ಮೊಬೈಲ್ ನೋಡುವ ಮುಂಚೆ ಗೋಡೆಯ ಕ್ಯಾಲೆಂಡರ್ ನೋಡಿ. ಮಂಡ್ಯದ ರೈತರು ಇವತ್ತಿಗೂ ಭರಣಿ, ಕೃತ್ತಿಕೆ, ಆರಿದ್ರೆ, ಹಸ್ತ, ಚಿತ್ತ ಅಂತಲೇ ಮಳೆ ಲೆಕ್ಕ ಹಾಕುವುದು. ಸುಮಾರು ಹದಿಮೂರು-ಹದಿನಾಲ್ಕು ದಿನಕ್ಕೊಂದು ಮಳೆ ನಕ್ಷತ್ರ. ಏಪ್ರಿಲ್ ಕೊನೆಗೆ ಭರಣಿ ಶುರು, ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಅಂತ ಗಾದೆಯೇ ಇದೆ. ಸೆಪ್ಟೆಂಬರ್ ಕೊನೆಯಿಂದ ಹಸ್ತ, ಅಕ್ಟೋಬರ್ 10ರ ಹೊತ್ತಿಗೆ ಚಿತ್ತ, ಆಮೇಲೆ ಸ್ವಾತಿ. ಇದು ಹವಾಮಾನ ಇಲಾಖೆಯ ಮುನ್ಸೂಚನೆ ಅಲ್ಲ, ಇಂಥ ದಿನ ಮಳೆ ಬಂದೇ ಬರುತ್ತೆ ಅಂತ ಹೇಳಲ್ಲ. ಆದರೆ ಮೂರು ತಿಂಗಳು ಮುಂಚೆ ರೂಮ್ ಬುಕ್ ಮಾಡುವಾಗ ಯಾವ ಆ್ಯಪ್ ತಾನೇ ಏನು ಹೇಳುತ್ತೆ? ಆಗ ಇದೇ ದಾರಿ. ಹೊರಡುವ ವಾರ ಮಾತ್ರ ಹವಾಮಾನ ಇಲಾಖೆಯ ‘ಮೌಸಮ್’ ಆ್ಯಪ್ ನೋಡಿ. ಮೇ ತಿಂಗಳಲ್ಲಿ ಬರುವವರು ಸಿಡಿಲಿನ ಎಚ್ಚರಿಕೆ ಕೊಡುವ ‘ದಾಮಿನಿ’ ಕೂಡ ಹಾಕಿಕೊಂಡಿರಲಿ.

ಬೇಸಿಗೆ: ಮಾರ್ಚ್‌ನಿಂದ ಮೇ

ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ. ಹಾಗಾಗಿ ರಾಯಚೂರು, ಕಲಬುರಗಿಯ ಬಿಸಿಲು ಇಲ್ಲಿಲ್ಲ. ಅಂತ ಸುಮ್ನೆ ಬರೋದೂ ಬೇಡ. ಏಪ್ರಿಲ್‌ನಲ್ಲಿ ಮಧ್ಯಾಹ್ನದ ಬಿಸಿಲು 35 ಡಿಗ್ರಿ ಸುತ್ತ ಇರುತ್ತದೆ, ಕೆಲವು ದಿನ ಅದಕ್ಕೂ ಮೇಲೆ ಹೋಗುತ್ತದೆ. ಬೆಳಗ್ಗೆ ಏಳರಿಂದ ಹನ್ನೊಂದು ನಿಮ್ಮ ಸಮಯ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವ ಆಸೆ ಇದ್ದರೆ ಬೆಳಕು ಹರಿಯುವಾಗಲೇ ಬುಡದಲ್ಲಿರಬೇಕು. ಸಾವಿರಕ್ಕೂ ಹೆಚ್ಚು ಮೆಟ್ಟಿಲಿವೆ, ದೊಡ್ಡ ನಂದಿ ಸಿಗುವುದು ಅರ್ಧಕ್ಕಿಂತ ಮೇಲೆ. ಎಂಟು ಗಂಟೆ ದಾಟಿದರೆ ಕಲ್ಲು ಕಾಯಲು ಶುರು. ಝೂ ಬೆಳಗ್ಗೆ ಎಂಟೂವರೆಗೆ ತೆಗೆಯುತ್ತದೆ, ಮಂಗಳವಾರ ರಜೆ. ಬೇಸಿಗೆಯಲ್ಲಿ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿಬಿಡಿ. ಮಧ್ಯಾಹ್ನ ಪ್ರಾಣಿಗಳೂ ನೆರಳು ಹುಡುಕಿಕೊಂಡು ಮಲಗಿರುತ್ತವೆ, ಮಕ್ಕಳು ಅಳುತ್ತಿರುತ್ತಾರೆ. ಹನ್ನೆರಡರಿಂದ ನಾಲ್ಕು ಅರಮನೆ ಒಳಗೋ, ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲೋ, ಇಲ್ಲ ರೂಮಿನಲ್ಲಿ ಫ್ಯಾನಿನ ಕೆಳಗೋ ಕಳೆಯಿರಿ. ವರ್ಷದಲ್ಲಿ ಎ.ಸಿ. ರೂಮಿಗೆ ದುಡ್ಡು ಕೊಡಬೇಕಾದ ಕಾಲ ಅಂದರೆ ಇದೊಂದೇ. ಉಳಿದ ತಿಂಗಳಲ್ಲಿ ಕಿಟಕಿ ತೆಗೆದಿಟ್ಟರೆ ಸಾಕು.

ಈಗ ಮಳೆ ವಿಷಯ. ಏಪ್ರಿಲ್ ಕೊನೆಯಿಂದ ಮೇ ಪೂರ್ತಿ, ಹಗಲೆಲ್ಲ ಕಾದ ನೆಲದ ಬಿಸಿಗಾಳಿ ಮೇಲೆದ್ದು, ಮೂರು ಗಂಟೆ ಹೊತ್ತಿಗೆ ಮೋಡ ಕಟ್ಟಿ, ಸಂಜೆ ಗುಡುಗು ಸಿಡಿಲಿನ ಜೊತೆ ಒಂದು ಗಂಟೆ ರಪರಪ ಸುರಿದು, ರಾತ್ರಿ ಊಟದ ಹೊತ್ತಿಗೆ ಏನೂ ಆಗಿಲ್ಲ ಅನ್ನೋ ಹಾಗೆ ನಕ್ಷತ್ರ ಕಾಣುತ್ತದೆ. ಒಮ್ಮೊಮ್ಮೆ ಆಲಿಕಲ್ಲೂ ಉಂಟು. ಕೆ.ಆರ್.ಎಸ್. ಬೃಂದಾವನದ ಕಾರಂಜಿ ಸಂಜೆಯ ಕಾರ್ಯಕ್ರಮ, ಮೇ ತಿಂಗಳಲ್ಲಿ ಅದನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ಮಳೆ ಬಂದು ಕೆಟ್ಟರೆ ಇನ್ನೊಂದು ಸಂಜೆ ಕೈಯಲ್ಲಿರಬೇಕು. ಕಾರು ತಂದವರಿಗೆ ಇನ್ನೊಂದು ಮಾತು: ಮೈಸೂರಿನ ರಸ್ತೆ ಬದಿಯ ಹಳೇ ಮರಗಳ ನೆರಳು ಬಹಳ ಚೆನ್ನ, ಆದರೆ ಈ ಬಿರುಗಾಳಿಗೆ ಕೊಂಬೆ ಮುರಿದು ಬೀಳುವುದು ಮಾಮೂಲು. ಮಧ್ಯಾಹ್ನದ ಮೇಲೆ ಕಾರನ್ನು ಮರದ ಕೆಳಗೆ ಬಿಟ್ಟು ಹೋಗಬೇಡಿ.

ಬ್ಯಾಗಿಗೆ ತೆಳು ಹತ್ತಿ ಬಟ್ಟೆ, ಟೋಪಿ, ಗಟ್ಟಿ ಕೊಡೆ, ಓ.ಆರ್.ಎಸ್. ಪುಡಿ, ಸ್ಟೀಲ್ ನೀರಿನ ಬಾಟಲಿ. ಝೂ ಪ್ಲಾಸ್ಟಿಕ್ ಮುಕ್ತ ಜಾಗ, ಸ್ಟೀಲ್ ಇದ್ದರೆ ಗೇಟಿನಲ್ಲಿ ತಕರಾರೇ ಇಲ್ಲ. ಚಿಕ್ಕ ಟಾರ್ಚ್ ಕೂಡ ಇರಲಿ, ಗುಡುಗಿದ ತಕ್ಷಣ ಕರೆಂಟ್ ಹೋಗೋದು ಹೊಸದೇನಲ್ಲ ಅಲ್ವಾ.

ಬರಿಗಾಲಿನ ಮಾತು

ಇದನ್ನು ಯಾರೂ ಹೇಳಿಕೊಡುವುದಿಲ್ಲ. ಈ ಕಡೆ ನೋಡುವ ಜಾಗಗಳಲ್ಲಿ ಮುಕ್ಕಾಲು ಪಾಲು ಚಪ್ಪಲಿ ಬಿಟ್ಟೇ ಒಳಗೆ ಹೋಗಬೇಕು. ಅರಮನೆ, ಬೆಟ್ಟದ ದೇವಸ್ಥಾನ, ಸೋಮನಾಥಪುರ, ಮೇಲುಕೋಟೆ, ತಲಕಾಡು. 1258ರ ಸೋಮನಾಥಪುರದ ಕೇಶವ ದೇವಾಲಯದಲ್ಲಿ ಗುಡಿಯ ಸುತ್ತ ಬಯಲು ಪ್ರಾಂಗಣ, ಪೂರ್ತಿ ಕಲ್ಲು ಹಾಸು. ಅಲ್ಲಿನ ಶಿಲ್ಪದ ಸಾಲು ನೋಡಬೇಕಾದರೆ ಗೋಡೆ ಹಿಡಿದು ಒಂದು ಸುತ್ತು ನಿಧಾನಕ್ಕೆ ಬರಬೇಕು. ಏಪ್ರಿಲ್ ಮಧ್ಯಾಹ್ನ ಜನ ಶಿಲ್ಪ ನೋಡುವುದಿಲ್ಲ, ಒಂದು ಕಾಲು ಎತ್ತಿ ಇನ್ನೊಂದು ಕಾಲಿಟ್ಟು ನೆರಳಿಗೆ ಓಡುತ್ತಿರುತ್ತಾರೆ. ದಪ್ಪ ಹತ್ತಿಯ ಸಾಕ್ಸ್ ಒಂದು ಜೊತೆ ಕೈಚೀಲದಲ್ಲಿದ್ದರೆ ಈ ಕುಣಿತ ತಪ್ಪುತ್ತದೆ. ಇಲ್ಲಿ ಪೂಜೆ ನಡೆಯುವುದಿಲ್ಲ, ಹಾಗಾಗಿ ಸಾಕ್ಸ್‌ಗೆ ಅಡ್ಡಿ ಇಲ್ಲ. ಮೇಲುಕೋಟೆಯಂಥ ಪೂಜೆ ನಡೆಯುವ ಕಡೆ ಅದು ಚೆನ್ನಾಗಿರಲ್ಲ. ಅಲ್ಲಿ ಯೋಗಾನರಸಿಂಹನ ಬೆಟ್ಟವನ್ನು ಬೆಳಗ್ಗೆಯೇ ಹತ್ತಿ ಇಳಿದು ಪುಳಿಯೋಗರೆಗೆ ಕೂತುಬಿಡಿ. ಅಲ್ಲಿಯ ವೈರಮುಡಿ ಉತ್ಸವ ಬರುವುದೂ ಮಾರ್ಚ್-ಏಪ್ರಿಲ್ ಬಿಸಿಲುಗಾಲದಲ್ಲೇ. ತಲಕಾಡಿನ ಮರಳಂತೂ ಮಧ್ಯಾಹ್ನ ಕೆಂಡ. ಮಳೆಗಾಲದಲ್ಲಿ ಇದೇ ಸಾಕ್ಸ್ ಒದ್ದೆಯಾಗಿ ಕಾಟ ಕೊಡುತ್ತದೆ, ಆಗ ಬೇಡ. ಲೇಸ್ ಕಟ್ಟುವ ಶೂ ಯಾವ ಕಾಲಕ್ಕೂ ಬೇಡ. ದಿನಕ್ಕೆ ಹತ್ತು ಸಲ ಬಿಚ್ಚಿ ಕಟ್ಟುವವರನ್ನು ನೋಡಿದರೆ ಪಾಪ ಅನ್ನಿಸುತ್ತದೆ.

ಜೂನ್‌ನಿಂದ ಆಗಸ್ಟ್

ನನ್ನನ್ನು ಕೇಳಿದರೆ ಬರುವುದಕ್ಕೆ ಇದೇ ಒಳ್ಳೆ ಕಾಲ. ಬಿಸಿಲು ಇಳಿದಿರುತ್ತದೆ, ಮೋಡ ಮುಸುಕಿರುತ್ತದೆ, ರೂಮಿನ ಬಾಡಿಗೆಯೂ ದಸರಾಗಿಂತ ಎಷ್ಟೋ ಕಡಿಮೆ. ಮಳೆ ಅಂದರೆ ಸಣ್ಣ ಹನಿ, ಬಂದು ಹೋಗಿ ಬಂದು ಹೋಗಿ. ಕಷ್ಟ ಕೊಡುವುದು ಗಾಳಿ. ಆಷಾಢದ ಗಾಳಿಗೆ ಚಾಮುಂಡಿ ಬೆಟ್ಟದ ಮೇಲೆ ಮಡಚುವ ಕೊಡೆ ತಿರುಗಿ ಹೂವಿನ ಹಾಗೆ ಅರಳಿ ನಿಲ್ಲುತ್ತದೆ. ಅದಕ್ಕೇ ಈ ಮೂರು ತಿಂಗಳು ಕೊಡೆ ಬಿಟ್ಟು ಟೋಪಿ ಇರುವ ವಿಂಡ್‌ಚೀಟರ್ ತನ್ನಿ. ಬೇಗ ಒಣಗುವ ಪ್ಯಾಂಟ್ ಹಾಕಿ. ಜೀನ್ಸ್ ಒದ್ದೆಯಾದರೆ ಎರಡು ದಿನ ಒಣಗಲ್ಲ. ಆಷಾಢ ಶುಕ್ರವಾರಗಳಲ್ಲಿ ಬೆಟ್ಟಕ್ಕೆ ವಿಪರೀತ ಜನ, ಖಾಸಗಿ ವಾಹನವನ್ನು ಮೇಲೆ ಬಿಡುವುದಿಲ್ಲ, ಕೆಳಗಿನಿಂದ ಬಸ್ಸೇ ಗತಿ. ದರ್ಶನವೇ ಮುಖ್ಯ ಅನ್ನುವವರು ಬನ್ನಿ. ಬೆಟ್ಟದಿಂದ ಊರು ನೋಡಬೇಕು ಅನ್ನುವವರು ಬುಧವಾರವೋ ಗುರುವಾರವೋ ಹೋಗಿ.

ಈ ಕಾಲದಲ್ಲಿ ಇನ್ನೊಂದು ಲೆಕ್ಕ ಇದೆ. ಮೈಸೂರಿನಲ್ಲಿ ಹನಿ ಬೀಳದಿದ್ದರೂ ಕಾವೇರಿ ತುಂಬಿ ಹರಿಯಬಹುದು, ಏಕೆಂದರೆ ಆ ನೀರು ಕೊಡಗಿನದು. ಕೆ.ಆರ್.ಎಸ್. ಪೂರ್ತಿ ಮಟ್ಟ 124.80 ಅಡಿ. ಈ ಸಂಖ್ಯೆ ಮಂಡ್ಯದಲ್ಲಿ ಮಕ್ಕಳಿಗೂ ಬಾಯಿಪಾಠ. ಪೇಪರಿನಲ್ಲಿ ಮಟ್ಟ 120 ದಾಟಿದೆ, ಒಳಹರಿವು ಜಾಸ್ತಿ ಇದೆ ಅಂತ ಕಂಡರೆ ನಿಮ್ಮ ಪ್ಲಾನ್ ಬದಲಿಸಿಕೊಳ್ಳಿ. ಗೇಟ್ ತೆಗೆದು ನದಿಗೆ ನೀರು ಬಿಟ್ಟರೆ ರಂಗನತಿಟ್ಟಿನಲ್ಲಿ ದೋಣಿ ನಿಲ್ಲಿಸುತ್ತಾರೆ, ಶ್ರೀರಂಗಪಟ್ಟಣದ ಸ್ನಾನಘಟ್ಟ ಮುಳುಗುತ್ತದೆ. ಆದರೆ ಅದೇ ನೀರು ಮಳವಳ್ಳಿ ಕಡೆಯ ಗಗನಚುಕ್ಕಿಗೆ, ಆಚೆ ದಡದ ಭರಚುಕ್ಕಿಗೆ ಹೋಗಿ ಧುಮ್ಮಿಕ್ಕುತ್ತದೆ. ಫೆಬ್ರವರಿಯಲ್ಲಿ ಹೋದರೆ ಬರೀ ಬಂಡೆ, ಜುಲೈ-ಆಗಸ್ಟ್‌ನಲ್ಲಿ ಎದುರಿನ ವೀಕ್ಷಣಾ ಕಟ್ಟೆಗೂ ತುಂತುರು ಹಾರಿ ಬರುತ್ತದೆ, ಕ್ಯಾಮೆರಾಗೆ ಪ್ಲಾಸ್ಟಿಕ್ ಕವರ್ ಇರಲಿ. ನೀರು ಬಿಟ್ಟಿರುವ ದಿನ ತಲಕಾಡಾಗಲಿ, ಸಂಗಮವಾಗಲಿ, ನದಿಗೆ ಮಾತ್ರ ಇಳಿಯಬೇಡಿ. ಮೊಣಕಾಲುದ್ದ ಇದ್ದ ನೀರು ನೋಡುನೋಡುತ್ತಲೇ ಏರುತ್ತದೆ.

ದಸರಾ

ದಸರಾ ಪ್ರತಿ ವರ್ಷ ಬೇರೆ ಬೇರೆ ಮಳೆಗೆ ಸಿಗುತ್ತದೆ. 2023ರಲ್ಲಿ ಜಂಬೂಸವಾರಿ ಅಕ್ಟೋಬರ್ 24ಕ್ಕೆ ಬಂತು, ಸ್ವಾತಿ ಹತ್ತಿರ. 2025ರಲ್ಲಿ ಅಕ್ಟೋಬರ್ 2ಕ್ಕೆ, ಅಂದರೆ ಹಸ್ತದಲ್ಲಿ. ಬೇಗ ಬಂದರೂ ತಡವಾಗಿ ಬಂದರೂ ಸಂಜೆ ಮಳೆಯ ಸಾಧ್ಯತೆ ಇದ್ದೇ ಇದೆ. ಮೇ ಮಳೆಗೂ ಇದಕ್ಕೂ ವ್ಯತ್ಯಾಸ ಏನಂದರೆ ಇದು ಒಂದು ಗಂಟೆ ಸುರಿದು ಸುಮ್ಮನಾಗುವುದಿಲ್ಲ, ಒಮ್ಮೊಮ್ಮೆ ರಾತ್ರಿಯೆಲ್ಲ ಜಿಟಿಜಿಟಿ ಹಿಡಿಯುತ್ತದೆ.

ಮೆರವಣಿಗೆ ಅರಮನೆಯಿಂದ ಬನ್ನಿಮಂಟಪದ ತನಕ ಸುಮಾರು ಐದು ಕಿಲೋಮೀಟರ್. ಸಯ್ಯಾಜಿರಾವ್ ರಸ್ತೆಯ ಬದಿಯಲ್ಲಿ ಜಾಗ ಬೇಕಾದರೆ ಬೆಳಗ್ಗೆಯೇ ಬಂದು ಕೂರಬೇಕು. ಅಂದರೆ ಒಂದೇ ದಿನ ಒಂದೇ ಜಾಗದಲ್ಲಿ ಕೂತು ಮೊದಲು ಸುಡು ಬಿಸಿಲು, ಆಮೇಲೆ ಮಳೆ. ಬೆಳಗ್ಗೆ ಟೋಪಿ, ಸಂಜೆ ರೇನ್‌ಕೋಟ್. ಕೊಡೆ ಖಂಡಿತ ಬೇಡ! 750 ಕೆ.ಜಿ. ತೂಗುವ ಚಿನ್ನದ ಅಂಬಾರಿ ಹೊತ್ತ ಆನೆ ಎದುರಿಗೆ ಬರುವಾಗ ನೀವು ಕೊಡೆ ಬಿಚ್ಚಿದರೆ ಹಿಂದಿನ ನಾಲ್ಕು ಸಾಲು ಒಟ್ಟಿಗೆ ಬೈಯುತ್ತದೆ, ಬೈಯುವುದು ನ್ಯಾಯವೇ. ಕೂರುವುದಕ್ಕೆ ಒಂದು ಪ್ಲಾಸ್ಟಿಕ್ ಹಾಳೆ, ಮೊಬೈಲ್ ಹಾಕುವುದಕ್ಕೆ ಜಿಪ್ ಇರುವ ಕವರ್, ಪವರ್ ಬ್ಯಾಂಕ್, ಸ್ವಲ್ಪ ಚಿಲ್ಲರೆ. ರೇಷ್ಮೆ ಸೀರೆ ಉಡಬೇಕು ಅಂತಿದ್ದರೆ ಮೊದಲ ದಿನಗಳಲ್ಲಿ ಬೆಳಗ್ಗೆ ಉಟ್ಟು ದೇವಸ್ಥಾನಕ್ಕೆ ಹೋಗಿ ಬನ್ನಿ, ಜಂಬೂಸವಾರಿ ದಿನ ಹತ್ತಿಯೇ ಸರಿ. ರಾತ್ರಿ ಬನ್ನಿಮಂಟಪದ ಪಂಜಿನ ಕವಾಯತಿಗೆ ಹೋಗುವವರು ಒಣ ಟೀ ಶರ್ಟ್ ಒಂದನ್ನು ಕವರಿನಲ್ಲಿ ಸುತ್ತಿಟ್ಟುಕೊಳ್ಳಿ. ಒದ್ದೆ ಬಟ್ಟೆಯಲ್ಲಿ ಬಯಲಲ್ಲಿ ಕೂತರೆ ಅಕ್ಟೋಬರ್ ಗಾಳಿಗೂ ನಡುಕ ಬರುತ್ತದೆ.

ಅರಮನೆ ದೀಪಾಲಂಕಾರಕ್ಕೆ ಮಳೆ ಬಂತಲ್ಲ ಅಂತ ಬೇಜಾರು ಬೇಡ. ಮಳೆ ನಿಂತ ಮೇಲೆ ಅಂಗಳದ ಒದ್ದೆ ನೆಲದಲ್ಲಿ ಇಡೀ ಅರಮನೆ ತಲೆಕೆಳಗಾಗಿ ಕಾಣುತ್ತದೆ, ಫೋಟೋ ತೆಗೆಯುವವರು ಕಾಯುವುದೇ ಅದಕ್ಕೆ. ದಸರಾ ಅಲ್ಲದ ದಿನಗಳಲ್ಲಿ ಭಾನುವಾರ ಮತ್ತು ಸರ್ಕಾರಿ ರಜೆಯ ಸಂಜೆ ಈ ದೀಪ ಹಚ್ಚುತ್ತಾರೆ, ಆ ಲೆಕ್ಕದಲ್ಲಿ ವಾರ ಆರಿಸಿಕೊಳ್ಳಿ.

ನವೆಂಬರ್‌ನಿಂದ ಫೆಬ್ರವರಿ

ಹೆಚ್ಚು ಹೇಳುವುದೇನಿಲ್ಲ. ಹಗಲು 28 ಡಿಗ್ರಿ, ಬೆಳಗಿನ ಜಾವ 15-16. ಒಂದು ಸ್ವೆಟರ್ ಸಾಕು, ಊಟಿಗೆ ಹೋಗುವವರ ಹಾಗೆ ಗಂಟು ಕಟ್ಟಬೇಡಿ. ತುಟಿಗೆ, ಕಾಲಿಗೆ ಹಚ್ಚಲು ವ್ಯಾಸಲೀನ್ ಇರಲಿ. ನವೆಂಬರ್, ಡಿಸೆಂಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದರೆ ಅದರ ಬಾಲ ಇಲ್ಲಿಗೂ ತಾಗುತ್ತದೆ. ಎರಡು ಮೂರು ದಿನ ಸೂರ್ಯ ಕಾಣಲ್ಲ, ಸಣ್ಣ ಮಳೆ, ಚಳಿ. ಚೆನ್ನೈ ಕಡೆ ಸೈಕ್ಲೋನ್ ಸುದ್ದಿ ಬಂದರೆ ವಿಂಡ್‌ಚೀಟರನ್ನೂ ತುರುಕಿಕೊಳ್ಳಿ. ರಂಗನತಿಟ್ಟಿಗೆ ಜನವರಿ ನಂತರ ಒಳ್ಳೆ ಕಾಲ, ಹಕ್ಕಿಗಳು ಗೂಡು ಕಟ್ಟುತ್ತಿರುತ್ತವೆ, ನದಿಯೂ ತಣ್ಣಗಿರುತ್ತದೆ. ಸಂಕ್ರಾಂತಿ ಸಂಜೆ ಹಸು ಎತ್ತುಗಳಿಗೆ ಕಿಚ್ಚು ಹಾಯಿಸುವುದನ್ನು ನೋಡಬೇಕಾದರೆ ಮೈಸೂರಿನ ಪಕ್ಕದ ಸಿದ್ಧಲಿಂಗಪುರಕ್ಕೆ ಹೋಗಿ. ನೈಲಾನ್ ಬಟ್ಟೆ ಹಾಕಿಕೊಂಡು ಬೆಂಕಿ ಹತ್ತಿರ ನಿಲ್ಲಬೇಡಿ, ಕಿಡಿ ಹಾರುತ್ತದೆ.

ಬೆಂಗಳೂರಿನಿಂದ ಬೆಳಗಿನ ಜಾವ ಕಾರಲ್ಲಿ ಹೊರಡುವವರಿಗೆ ಮದ್ದೂರು ದಾಟಿದ ಮೇಲೆ ಗದ್ದೆ ಬಯಲಲ್ಲಿ ಮಂಜು ಸಿಗಬಹುದು. ಆರು ಗಂಟೆಗೆ ಬಿಟ್ಟರೆ ಮಂಡ್ಯ ತಲುಪುವಷ್ಟರಲ್ಲಿ ಬಿಸಿಲು ಬಂದಿರುತ್ತದೆ. ಬೈಕಿನವರಿಗೆ 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ಪ್ರವೇಶ ಇಲ್ಲ, ಸರ್ವಿಸ್ ರಸ್ತೆಯೇ ಗತಿ. ಜೋರು ಮಳೆಯಲ್ಲಿ ಅಂಡರ್‌ಪಾಸ್‌ಗಳಲ್ಲಿ ನೀರು ನಿಲ್ಲುತ್ತದೆ. ಹಾಗಾಗಿ ಮೇ ಮತ್ತು ಅಕ್ಟೋಬರ್‌ನಲ್ಲಿ ವಾಪಸ್ ಹೊರಡುವುದಾದರೆ ಮಧ್ಯಾಹ್ನ ಊಟ ಮುಗಿಸಿ ಎರಡು ಗಂಟೆಗೇ ಬಿಡಿ. ಇಲ್ಲ ಅಂದರೆ ಮಳೆ ನಿಂತ ಮೇಲೆ ಎಂಟಕ್ಕೆ ಹೊರಡಿ. ಮಧ್ಯೆ ಸಿಕ್ಕಿಹಾಕಿಕೊಂಡರೆ ಮದ್ದೂರಿನ ಹಳೇ ರಸ್ತೆಗೆ ಇಳಿದು ಬಿಸಿ ವಡೆ, ಕಾಫಿ ಹೇಳಿ, ಮಳೆ ಬಿಡುವ ತನಕ ಏಳಬೇಡಿ.